ಕೊಟ್ರಯ್ಯನ ತೊಂಬತ್ತು ಪರ್ಸೆಂಟು

ಹೊಸಪೇಟೆಯ ಬಾಳೆ ವ್ಯಾಪಾರಿಗಳಲ್ಲಿ ಕೊಟ್ರಯ್ಯನ ಕಣ್ಣಿಗಿದ್ದ ಬೆಲೆ ಬೇರೆಯವರ ತಕ್ಕಡಿಗೂ ಇರಲಿಲ್ಲ. ತೋಟದ ಬದುವಿನ ಮೇಲೆ ಕೂತು ಎರಡು ಸಾಲು ನೋಡಿದರೆ ಸಾಕು. ಒಳಗೆ ಎಷ್ಟು ಗೊನೆ ಇವೆ, ಎಷ್ಟು ಶ್ರಾವಣಕ್ಕೆ ಕಡಿಯಲು ಬರುತ್ತವೆ, ಎಷ್ಟು ಬರೀ ಮಾಲೀಕನ ಬಾಯಲ್ಲಿವೆ ಎಂದು ಹೇಳಿಬಿಡುತ್ತಿದ್ದ. ಗೊನೆ ಗಿಡದ ಮೇಲಿರುವಾಗಲೇ ಇಡೀ ತೋಟವನ್ನು ಮಾತಾಡಿ, ಮಾಲೀಕನ ಕೈಯಲ್ಲಿ ಸಂಚಕಾರದ ಮುಂಗಡ ನೋಟು ಇಡುವುದು ಅವನ ವ್ಯಾಪಾರ. ಸಂಚಕಾರ ಬಿದ್ದ ತೋಟವನ್ನು ಇನ್ನೊಬ್ಬ ಕೇಳುವಂತಿಲ್ಲ. ಕೇಳಿದವನಿಗೆ ಕಡ್ಡಿರಾಂಪುರದಿಂದ ಕಂಪ್ಲಿಯ ತನಕ ಯಾರೂ ಒಂದು ಲೋಟ ನೀರು ಕೊಡುವುದಿಲ್ಲ.

ಕಣ್ಣು ಹೀಗಿದ್ದವನಿಗೆ ಕಾಲು ಹಾಗಿರಲಿಲ್ಲ. ಮೂರನೆಯ ವರ್ಷಕ್ಕೆ ಬಂದ ಜ್ವರ ಎಡಗಾಲನ್ನು ಒಣಗಿಸಿ ಹೋಗಿತ್ತು. ಬಲಗಾಲು ಅರ್ಧ ಮನಸ್ಸಿನಿಂದ ಕೆಲಸ ಮಾಡುತ್ತಿತ್ತು. ಎಡಗೈಯನ್ನು ಮಂಡಿಗೆ ಒತ್ತಿಕೊಂಡು, ಬಾಗಿ ಬಾಗಿ ನಡೆಯುತ್ತಿದ್ದ. ಊರವರು ಕುಂಟ ಕೊಟ್ರಯ್ಯ ಎಂದರು. ಸರ್ಕಾರಕ್ಕೆ ಅದು ಸರಿಕಾಣಲಿಲ್ಲ. ಮೊದಲು ಅಂಗವಿಕಲ ಎಂದಿತು, ಆಮೇಲೆ ವಿಕಲಚೇತನ ಎಂದಿತು, ಈಚೆಗೆ ವಿಶೇಷಚೇತನ ಎನ್ನುತ್ತಿದೆ. ನಲವತ್ತಾರು ವರ್ಷದಲ್ಲಿ ಹೆಸರು ಮೂರು ಸಲ ಬದಲಾಯಿತು, ಕಾಲು ಮಾತ್ರ ಅದೇ ಇತ್ತು.

ತೋಟಕ್ಕೆ ತಲುಪಬೇಕಲ್ಲ, ಅದಕ್ಕೆ ಹಂಪೇಶ್ ಇದ್ದ. ಹೆಂಡತಿ ಶೈಲಜಾಳ ತಮ್ಮ. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಎರಡು ವರ್ಷ ಕಾಂಟ್ರಾಕ್ಟ್ ಕೆಲಸ ಮಾಡಿ, ರಾತ್ರಿ ಪಾಳಿ ಮೈಗೆ ಒಗ್ಗಲಿಲ್ಲ ಎಂದು ಬಿಟ್ಟು ಬಂದವನು. ಹಗಲು ಪಾಳಿಯೂ ಒಗ್ಗಿರಲಿಲ್ಲ, ಆ ಮಾತು ಬೇರೆ. ಹನ್ನೆರಡು ವರ್ಷದಿಂದ ಕೊಟ್ರಯ್ಯ ಅವನ ಬೈಕಿನ ಹಿಂದಿನ ಸೀಟಿನಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದ. ಬೈಕ್ ಓಡಿಸುವುದು, ತೋಟದೊಳಗೆ ಹೋಗಿ ಗೊನೆ ಎಣಿಸಿ ಬಂದು ಹೇಳುವುದು ಹಂಪೇಶನ ಕೆಲಸ. ಮೊದಲ ಐದು ವರ್ಷ ಎಣಿಸಿದ. ಆಮೇಲೆ ಐದು ವರ್ಷ ಎಣಿಸಿದ್ದನ್ನು ನೆನಪಿಟ್ಟುಕೊಂಡ. ಈಗೀಗ ಎಣಿಸಿದ್ದರಲ್ಲಿ ಸ್ವಲ್ಪ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಿದ್ದ. ಹೋದ ವರ್ಷ ಕಂಪ್ಲಿಯ ಕಡೆ ಎರಡು ತೋಟ ಕೈತಪ್ಪಿದವು. ಕೊಟ್ರಯ್ಯ ಹೋಗುವ ಹೊತ್ತಿಗೆ ಸಂಚಕಾರ ಬಿದ್ದಿತ್ತು. ಹೋಗುವುದು ತಡವಾಗಿದ್ದು ಯಾಕೆಂದರೆ ಆ ಎರಡೂ ದಿನ ಬೈಕು ಸ್ಟಾರ್ಟ್ ಆಗಿರಲಿಲ್ಲ. ಬೇರೆ ದಿನ ಚೆನ್ನಾಗಿಯೇ ಆಗುತ್ತಿತ್ತು.

ಕೊಟ್ರಯ್ಯ ಬಾಯಿ ಬಿಡಲಿಲ್ಲ. ಹೆಂಡತಿಯ ತಮ್ಮನನ್ನು ಬೈಯುವುದೆಂದರೆ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ. ಆದರೆ ಲೆಕ್ಕ ಅವನಿಗೆ ಸ್ಪಷ್ಟವಿತ್ತು: ತನ್ನದೇ ಗಾಲಿ ಆಗದಿದ್ದರೆ ಇನ್ನೆರಡು ಹಂಗಾಮಿನಲ್ಲಿ ಹಂಪೇಶ್ ವ್ಯಾಪಾರಿಯಾಗುತ್ತಾನೆ, ತಾನು ಮನೆಯಲ್ಲಿ ಕೂತು ಫ್ಯಾನಿನ ರೆಕ್ಕೆ ಎಣಿಸುತ್ತೇನೆ.

ಅಂಥ ಹೊತ್ತಿನಲ್ಲಿ ಮಾರುತೇಶ್ ಸುದ್ದಿ ತಂದ. ಅಂಗವಿಕಲರ ಅರ್ಜಿ ತುಂಬಿಸಿ ಕಚೇರಿಗೆ ಮುಟ್ಟಿಸುವುದು ಅವನ ನೌಕರಿ. ಅವನದೂ ಒಂದು ಕೈ ಮೊಣಕೈ ತನಕವೇ. ಸರ್ಕಾರ ಕರೆಂಟಿನ ಮೂರು ಗಾಲಿಯ ಸ್ಕೂಟರ್ ಕೊಡುತ್ತದೆ, ಅರ್ಧ ಬೆಲೆ ಸರ್ಕಾರದ್ದು, ಅರ್ಧ ನಿಮ್ಮದು, ಬಡವರಿಗೂ ಎಟುಕಲಿ ಎಂದು ಮಾಡಿದ್ದಾರೆ ಎಂದ. ಕೊಟ್ರಯ್ಯ ಅರ್ಜಿಗಿಂತ ಮುಂಚೆ ಶೋರೂಮಿಗೆ ಹೋದ. ವ್ಯಾಪಾರಿ ಮೊದಲು ಮಾಲು ನೋಡುತ್ತಾನೆ. ಹಿಂದಿನ ತಿಂಗಳು ಒಂದು ಬೆಲೆಗಿದ್ದ ಗಾಡಿ, ಯೋಜನೆ ಬಂದ ವಾರವೇ ಒಂದೂವರೆ ಪಟ್ಟಾಗಿ ನಿಂತಿತ್ತು. ಅರ್ಧ ಕಳೆದರೂ ಕೊಳ್ಳುವವನಿಗೆ ಉಳಿತಾಯ ಹಳೆಯ ಬೆಲೆಯ ಕಾಲುಭಾಗ. ಮಿಕ್ಕಿದ್ದು ಬೊಕ್ಕಸದಿಂದ ಹೊರಟು ಶೋರೂಮಿನ ಗಲ್ಲಾಕ್ಕೆ ಸೀದಾ ತಲುಪಿತ್ತು, ನಡುವೆ ಎಲ್ಲೂ ಒಂದು ಹನಿ ಸೋರದೆ. ಇಷ್ಟು ಚೊಕ್ಕವಾಗಿ ತಲುಪಿದ ಯೋಜನೆಯನ್ನು ಆ ಜಿಲ್ಲೆ ಅದಕ್ಕೆ ಮೊದಲು ನೋಡಿರಲಿಲ್ಲ.

ಆದರೂ ಕಾಲುಭಾಗ ಕಾಲುಭಾಗವೇ. ಶೋರೂಮಿನ ಅಂಗಳದಲ್ಲಿ ಅವನನ್ನು ಗಾಡಿಯ ಮೇಲೆ ಕೂರಿಸಿದರು. ಕಾಲಿಗೆ ಏನೂ ಕೆಲಸವಿಲ್ಲ, ಬ್ರೇಕೂ ಕೈಯಲ್ಲೇ. ಬಲಗೈ ತಿರುಗಿಸಿದ, ಗಾಡಿ ಸದ್ದಿಲ್ಲದೆ ಹೊರಟಿತು. ಅಂಗಳವನ್ನು ಮೂರು ಸುತ್ತು ಹಾಕಿದ. ಇಳಿಯುವಾಗ ಮುಖ ಗಂಟಿಕ್ಕಿಕೊಂಡು, ಸೀಟು ಗಟ್ಟಿ, ಬಣ್ಣ ಸರಿಯಿಲ್ಲ ಎಂದ. ಇಷ್ಟವಾದ ಮಾಲನ್ನು ಹೊಗಳುವಷ್ಟು ಹುಚ್ಚ ಅವನಲ್ಲ.

ಮಾರುತೇಶ್ ಒಂದೇ ಮಾತು ಹೇಳಿದ್ದ: ಎಪ್ಪತ್ತೈದು ಪರ್ಸೆಂಟ್ ಅಂಗವಿಕಲತೆ ಇರಬೇಕು, ಅದಕ್ಕಿಂತ ಕಡಿಮೆ ಇದ್ದವರಿಗೆ ಊರುಗೋಲು. ಹಳೆಯ ಸರ್ಟಿಫಿಕೇಟು ನಡೆಯುವುದಿಲ್ಲ, ಹೊಸದಾಗಿ ಡಾಕ್ಟರ ಮುಂದೆ ಕೂರಬೇಕು. ಎಪ್ಪತ್ತೈದರ ಕೆಳಗೆ ಏನಾಗುತ್ತದೆ ಎಂದು ಮಾರುತೇಶ್ ಹೇಳಿದ. ಬಹಳ ಮೇಲೆ ಹೋದರೆ ಏನಾಗುತ್ತದೆ ಎಂದು ಕೊಟ್ರಯ್ಯ ಕೇಳಲಿಲ್ಲ. ಹೆಚ್ಚು ಸಿಕ್ಕರೆ ನಷ್ಟ ಎಂಬ ವ್ಯಾಪಾರವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನವರು. ದಕ್ಷಿಣದ ಕಡೆಯಿಂದ ಹೊಸದಾಗಿ ಬಂದವರು, ಮುಖದಲ್ಲಿ ಇನ್ನೂ ಒಳ್ಳೆಯತನ ಉಳಿದಿತ್ತು. ಕಾಲು ಎತ್ತಿಸಿದರು, ಇಳಿಸಿದರು, ಟೇಪು ಹಿಡಿದು ತೊಡೆಯ ಸುತ್ತಳತೆ ನೋಡಿದರು, ಪುಸ್ತಕ ತಿರುವಿದರು.

"ಅರವತ್ತು ಆಗುತ್ತೆ ನೋಡಿ," ಎಂದರು.

ಇಲ್ಲಿ ಕೊಟ್ರಯ್ಯನ ಒಳಗಿದ್ದ ವ್ಯಾಪಾರಿ ಎದ್ದು ಕೂತ. ಅರವತ್ತು ಎಂಬುದು ಡಾಕ್ಟರ ಮೊದಲ ಮಾತು. ಮೊದಲ ಮಾತಿಗೆ ಒಪ್ಪುವವನು ಬಾಳೆ ಅಲ್ಲ, ಬಾಳೆಸಿಪ್ಪೆಯನ್ನೂ ಮಾರಲಾರ. ತನಗೆ ಬೇಕಾದದ್ದು ಎಪ್ಪತ್ತೈದು. ಎಪ್ಪತ್ತೈದು ಬೇಕಾದವನು ತೊಂಬತ್ತು ಕೇಳಬೇಕು. ಅವರು ಅರವತ್ತೈದು ಎನ್ನುತ್ತಾರೆ, ಇವನು ಎಂಬತ್ತೈದಕ್ಕೆ ಇಳಿಯುತ್ತಾನೆ, ಕೊನೆಗೆ ನಡುವೆ ಎಲ್ಲೋ ಕೈಕುಲುಕುತ್ತಾರೆ. ಲೋಕ ನಡೆಯುವುದೇ ಹೀಗೆ.

"ಅರವತ್ತಕ್ಕ ಹೆಂಗ ಬಿಡ್ತೀರಿ ಸಾಹೇಬ್ರ," ಎಂದ. "ಎರಡೂ ಕಾಲು ಇದ್ದೂ ಇಲ್ಲದಂಗ ಅದಾವು. ಈಗೀಗ ಕೈನೂ ಹಿಡಿತ ತಪ್ಪಾಕತ್ತಾವು. ತೊಂಬತ್ತು ಹಾಕ್ರಿ."

"ಕೈನೂ ಇದೆಯಾ? ಮೊದ್ಲೇ ಹೇಳ್ಬಾರ್ದಾ?" ಡಾಕ್ಟರು ಪುಸ್ತಕ ಕೆಳಗಿಟ್ಟು ತಮ್ಮ ಕೈ ಮುಂದೆ ಚಾಚಿದರು. "ಗಟ್ಟಿಯಾಗಿ ಹಿಡೀರಿ."

ಮೂವತ್ತು ಕಿಲೋ ಗೊನೆಯನ್ನು ಒಂದೇ ಕೈಯಲ್ಲಿ ಎತ್ತಿ ತೂಗುತ್ತಿದ್ದ ಕೊಟ್ರಯ್ಯ, ಡಾಕ್ಟರ ಕೈಯನ್ನು ಹೂವಿನಂತೆ ಹಿಡಿದ. ಟೇಬಲ್ಲಿನ ಮೇಲಿದ್ದ ಲೋಟ ಎತ್ತಿರಿ ಎಂದರೆ, ಎತ್ತಿ, ಅರ್ಧಕ್ಕೆ ಬಿಟ್ಟ. ನೀರು ಕಾಗದದ ಮೇಲೆ ಹರಿಯಿತು. ಮೇಲಾಗಿ, ಚೌಕಾಶಿಯಲ್ಲಿ ಎದ್ದು ಹೊರಟಂತೆ ಮಾಡುವ ಒಂದು ಕ್ರಮ ಇದೆ, ಅದನ್ನೂ ಮಾಡಿದ. ಎರಡು ಹೆಜ್ಜೆ ಇಟ್ಟ ಚೆಂದಕ್ಕೆ ನರ್ಸಮ್ಮ ಓಡಿಬಂದು ರಟ್ಟೆ ಹಿಡಿದಳು.

ಡಾಕ್ಟರು ಬರೆದರು. ಕೊಟ್ರಯ್ಯ ಎದುರು ಮಾತಿಗೆ ಕಾದ. ಎದುರು ಮಾತು ಬರಲಿಲ್ಲ. ಸೀಲು ಬಿತ್ತು. ತೊಂಬತ್ತು. ಬೆನ್ನು ತಟ್ಟಿ, ಧೈರ್ಯವಾಗಿರಿ ಎಂದರು.

ಹೊರಗೆ ಬಂದ ಕೊಟ್ರಯ್ಯನಿಗೆ ಒಂಥರಾ ಕಸಿವಿಸಿ. ಕೇಳಿದ್ದನ್ನು ಕೇಳಿದಷ್ಟೇ ಕೊಟ್ಟ ಮನುಷ್ಯನನ್ನು ಅವನು ಆ ತನಕ ನೋಡಿರಲಿಲ್ಲ. ಇದರಲ್ಲಿ ಏನೋ ಮೋಸ ಇದೆ ಎನ್ನಿಸಿತು. ಇತ್ತು, ಆದರೆ ಅದು ಅವನದೇ.

ನಾಲ್ಕು ತಿಂಗಳ ಮೇಲೆ ಮಂಜೂರಾತಿ ಪತ್ರ ಬಂತು. ಶೈಲಜಾ ಗಟ್ಟಿಯಾಗಿ ಓದಿದಳು. ಫಲಾನುಭವಿಯ ಕೈಗಳಲ್ಲಿಯೂ ಬಲಹೀನತೆ ಇರುವುದರಿಂದಲೂ, ಅಂಗವಿಕಲತೆಯ ಪ್ರಮಾಣ ತೊಂಬತ್ತು ಇರುವುದರಿಂದಲೂ, ಸದರಿಯವರು ಸ್ವತಃ ವಾಹನ ಚಲಾಯಿಸಲು ಅಸಮರ್ಥರಿದ್ದು, ವಾಹನವನ್ನು ಚಾಲನಾ ಪರವಾನಗಿ ಹೊಂದಿದ ಸಹಾಯಕರ ಸುಪರ್ದಿಗೆ ನೀಡತಕ್ಕದ್ದು. ಸಹಾಯಕರ ಹೆಸರು ಮತ್ತು ಎರಡು ಫೋಟೋ ಒಂದು ವಾರದೊಳಗೆ ಸಲ್ಲಿಸತಕ್ಕದ್ದು.

ಶೈಲಜಾ ಪತ್ರ ಮಡಚಿದಳು. "ನಮ್ಮ ಮನ್ಯಾಗ ಲೈಸೆನ್ಸ್ ಇರೋದು ಹಂಪೇಶಗ ಒಬ್ಬಗ," ಎಂದಳು. ಹೇಳುವಾಗ ಗಂಡನ ಮುಖ ನೋಡಲಿಲ್ಲ.

ಕೊಟ್ರಯ್ಯ ಕಚೇರಿಗೆ ಓಡಿದ. ಓಡಿದ ಎಂದರೆ ಹಂಪೇಶನ ಬೈಕಿನ ಹಿಂದೆ ಕೂತು ಹೋದ. ಯಾಕೆ ಹೋಗುತ್ತಿದ್ದೇನೆ ಎಂದು ಮಾತ್ರ ಹೇಳಲಿಲ್ಲ. ಹಂಪೇಶನನ್ನು ಚಹಾದ ಅಂಗಡಿಯಲ್ಲಿ ಕೂರಿಸಿ ಒಳಗೆ ಹೋದ. ಒಳಗೆ ಸುಷ್ಮಿತಾ ಎಂಬ ಗುಮಾಸ್ತೆ ಕಡತಗಳ ನಡುವೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಳು. ನಗಲಿಲ್ಲ, ಅದು ಅವಳ ದೊಡ್ಡತನ.

"ಎಲ್ಲಾರೂ ಹೆಚ್ಚು ಮಾಡ್ಸಾಕ ಬರ್ತಾರ್ರಿ. ಕಡಿಮಿ ಮಾಡ್ರಿ ಅಂತ ಬಂದವ್ರು ನೀವೊಬ್ರ. ಅದಕ್ಕ ಫಾರಂ ಇಲ್ಲ."

"ಬಿಳಿ ಹಾಳಿ ಮ್ಯಾಲೆ ಬರದು ಕೊಡ್ತೀನಲ್ಲವಾ."

"ಕಡಿಮಿ ಆಗೇತಿ ಅಂದ್ರ ಗುಣ ಆಗೇತಿ ಅಂತ ಆಗ್ತೈತ್ರಿ. ಗುಣ ಆದವ್ರಿಗೆ ಗಾಡಿ ಯಾಕ ಅಂತ ಆಡಿಟ್‌ನವ್ರು ಕೇಳ್ತಾರ. ಪಿಂಚಣಿನೂ ನಿಲ್ತೈತಿ."

"ಗುಣ ಆಗಿಲ್ಲವಾ. ಮೊದಲ ಹೆಚ್ಚು ಹೇಳಿದ್ದೆ."

ಸುಷ್ಮಿತಾ ದನಿ ತಗ್ಗಿಸಿದಳು. "ಅದನ್ನ ನನ್ನ ಮುಂದ ಹೇಳಿದ್ರಿ, ಬಿಡ್ರಿ. ಬ್ಯಾರೆ ಯಾರ ಮುಂದನೂ ಹೇಳಬ್ಯಾಡ್ರಿ. ಸುಳ್ಳು ಹೇಳಿ ಸರ್ಟಿಫಿಕೇಟ್ ತಗೊಂಡಾರ ಅಂತ ಕೇಸ್ ಆಗ್ತೈತಿ." ಆಮೇಲೆ ಸ್ವಲ್ಪ ಯೋಚಿಸಿ, ಆ ಡಾಕ್ಟರೇ ತಿದ್ದಿಕೊಟ್ಟರೆ ಆಗುತ್ತದೆ ಎಂದಳು. ಆ ಡಾಕ್ಟರಿಗೆ ಹೋದ ತಿಂಗಳೇ ವರ್ಗವಾಗಿತ್ತು. ಒಳ್ಳೆಯವರು ಒಂದು ಊರಲ್ಲಿ ಬಹಳ ದಿನ ಇರದಂತೆ ಸರ್ಕಾರ ಎಚ್ಚರವಹಿಸುತ್ತದೆ.

ಸಹಾಯಕನ ಹೆಸರು ಕೊಡದಿದ್ದರೆ ಗಾಡಿ ಮುಂದಿನ ಹೆಸರಿಗೆ ಹೋಗುತ್ತದೆ. ಕೊಟ್ಟರೆ ಹಂಪೇಶನಿಗೆ ಹೋಗುತ್ತದೆ. ಕೊಟ್ರಯ್ಯ ಒಂದು ವಾರ ಯೋಚಿಸಿ ಕೊನೆಯ ದಿನ ಹೆಸರನ್ನೂ ತನ್ನ ಪಾಲಿನ ದುಡ್ಡನ್ನೂ ಕೊಟ್ಟ. ಕೈಗೆ ಸಿಗದ ಮಾಲಿಗಿಂತ ಕಣ್ಣೆದುರಿನ ಮಾಲು ವಾಸಿ. ಹಂಪೇಶ್ ಫೋಟೋಕ್ಕೆಂದು ಹೊಸ ಅಂಗಿ ಹೊಲಿಸಿದ.

ವಿತರಣೆಯ ಸಮಾರಂಭಕ್ಕೆ ಎಂಟು ಗಂಟೆಗೆ ಬನ್ನಿ ಎಂದಿದ್ದರು. ಮುಖ್ಯ ಅತಿಥಿಗಳು ಒಂದು ಗಂಟೆಗೆ ಬಂದರು. ನಡೆಯಲಾಗದ ನಲವತ್ತು ಜನರಿಗೆ ಕೀಲಿಕೈ ಕೊಡಲು ಒಂಬತ್ತು ಮೆಟ್ಟಿಲಿನ ವೇದಿಕೆ ಕಟ್ಟಿದ್ದರು. ಮೆಟ್ಟಿಲಿಗೆ ಕೆಂಪು ಜಮಖಾನೆ ಹಾಸಿದ್ದರಿಂದ ಊರುಗೋಲು ಜಾರುತ್ತಿತ್ತು. ಒಬ್ಬೊಬ್ಬರನ್ನೇ ಇಬ್ಬರು ಹೊತ್ತು ಏರಿಸಿದರು, ಥರ್ಮಾಕೋಲಿನ ದೊಡ್ಡ ಕೀಲಿ ಹಿಡಿಸಿ ಫೋಟೋ ತೆಗೆದು, ಕೀಲಿ ಕಿತ್ತುಕೊಂಡು ಇಳಿಸಿದರು. ಮುಂದಿನವನಿಗೆ ಅದೇ ಕೀಲಿ ಬೇಕಿತ್ತು. ಸ್ವಾವಲಂಬನೆ ಎಂಬ ಮಾತನ್ನು ಅತಿಥಿಗಳು ಭಾಷಣದಲ್ಲಿ ಹದಿನಾಲ್ಕು ಸಲ ಅಂದರು. ಕೊಟ್ರಯ್ಯ ಎಣಿಸಿದ್ದ, ಬೇರೆ ಕೆಲಸವಿರಲಿಲ್ಲ. ಅವನ ಸರದಿ ಬಂದಾಗ ವೇದಿಕೆಗೆ ಹತ್ತಿದ್ದು ಹಂಪೇಶ್. ಹಾರ ಬಿದ್ದದ್ದೂ ಅವನಿಗೇ. ಮರುದಿನ ಪೇಪರಿನಲ್ಲಿ ಹೊಸ ಅಂಗಿಯ ಹಂಪೇಶ್ ಗಾಡಿಯ ಮೇಲೆ ನಗುತ್ತಿದ್ದ. ಹಿಂದಿನ ಸೀಟಿನಲ್ಲಿ ಕೊಟ್ರಯ್ಯನ ಒಂದು ಕಿವಿ ಕಾಣುತ್ತಿತ್ತು.

ಗಾಡಿಯ ಹಿಂದೆ ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಯೋಜನೆಯ ಹೆಸರೂ ಅತಿಥಿಗಳ ನಗುಮುಖವೂ ಇದ್ದ ಸ್ಟಿಕ್ಕರ್ ಅಂಟಿಸಿದ್ದರು. ನಂಬರ್ ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ. ಮುಖ ಇರುವಾಗ ನಂಬರು ಯಾಕೆ ಎಂದುಕೊಂಡರೋ ಏನೋ.

ಸುಪರ್ದಿ ಎಂದರೆ ಸುಪರ್ದಿ. ಗಾಡಿ ಹಂಪೇಶನ ಮನೆಯ ಮುಂದೆ ನಿಂತಿತು, ಕೀಲಿ ಅವನ ಮನೆಯ ಗೂಟದಲ್ಲಿ. ಅವನ ಹೆಂಡತಿ ಅದರ ಮೇಲೆ ಕಾಯಿಪಲ್ಯ ತಂದಳು, ಹೆಂಡತಿಯ ಅಪ್ಪ ಹಂಪಿಯ ಹುಣ್ಣಿಮೆಗೆ ಹೋಗಿ ಬಂದ. ಕೊಟ್ರಯ್ಯ ಕೇಳಿದ ದಿನ ಅದು ಚಾರ್ಜಿಗೆ ಹಾಕಿರುತ್ತಿತ್ತು. ಸಂಡೂರಿಗೆ ಹೋಗೋಣ ಎಂದರೆ, ಘಟ್ಟ ಹತ್ತುವುದಿಲ್ಲ ಮಾಮಾ ಎನ್ನುತ್ತಿದ್ದ, ಅದೊಂದು ನಿಜವಿತ್ತು. ಕೊನೆಗೆ ಕೊಟ್ರಯ್ಯ ಮೊದಲಿನಂತೆ ಬೈಕಿನ ಹಿಂದೆಯೇ ಕೂತ. ಸರ್ಕಾರದ ಕೃಪೆಯಿಂದ ಬದಲಾದದ್ದು ಇಷ್ಟೇ: ಮೊದಲು ಹಂಪೇಶನಿಗೆ ಒಂದು ಗಾಡಿ ಇತ್ತು, ಈಗ ಎರಡಾದವು.

ಶ್ರಾವಣಕ್ಕೆ ಹತ್ತು ದಿನ ಇರುವಾಗ ಒಂದು ಸಂಜೆ ಕಡ್ಡಿರಾಂಪುರದ ವಿರುಪಾಕ್ಷಪ್ಪ ಫೋನ್ ಮಾಡಿದ. ಮೂರು ಎಕರೆ ಸುಗಂಧಿ ಬಾಳೆ ಇದ್ದವನು, ಹದಿನೈದು ವರ್ಷದಿಂದ ಕೊಟ್ರಯ್ಯನಿಗೇ ಕೊಡುತ್ತಿದ್ದವನು. ಆ ತೋಟ ಸಿಕ್ಕರೆ ಹಂಗಾಮು ಗೆದ್ದಂತೆ. ಅದು ಕೈಬಿಟ್ಟರೆ ಅಕ್ಕಪಕ್ಕದ ಮಾಲೀಕರೆಲ್ಲ ಬಿಡುತ್ತಾರೆ.

"ಕೊಟ್ರಯ್ಯ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕಬ್ಯಾಡ," ಎಂದ. "ನಿಮ್ಮ ಹುಡುಗ ಇವತ್ತು ನಿನ್ನ ಕರೆಂಟ್ ಗಾಡಿ ಮ್ಯಾಲೆ ಬಂದಿದ್ದ. ತೋಟ ಸುತ್ತಿದ, ರೇಟ್ ಮಾತಾಡಿದ, ನಾಳೆ ಮುಂಜಾನೆ ಸಂಚಕಾರ ತರ್ತೀನಿ ಅಂದ. ತೋಟ ಕೇಳಾಕತ್ತಿರೋದು ನೀನೋ, ಅವನೋ?"

ಕೊಟ್ರಯ್ಯ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. "ಎಷ್ಟೊತ್ತಿಗೆ ಬರ್ತೀನಿ ಅಂದಾನ?"

"ಏಳಕ್ಕ."

"ನಾ ಅದಕ್ಕಿಂತ ಮೊದಲ ಬರ್ತೀನಿ. ಅಲ್ಲಿಗಂಟ ಯಾರ ರೊಕ್ಕನೂ ಹಿಡಿಬ್ಯಾಡ."

ಫೋನಿನ ಮಾತು ಶೈಲಜಾಳಿಗೂ ಕೇಳಿಸಿತ್ತು. ತಮ್ಮನ ಪರ ಹನ್ನೆರಡು ವರ್ಷ ಮಾತಾಡಿದವಳು ಅವತ್ತು ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಅರ್ಧ ತಾಸಿನ ಮೇಲೆ ಓಣಿಯ ಇಬ್ಬರು ಹುಡುಗಿಯರಿಂದ ಗಾಡಿ ತಳ್ಳಿಸಿಕೊಂಡು ಬಂದಳು, ಸೊಂಟದಲ್ಲಿ ಕೀಲಿ. ನಾಳೆ ಶುಕ್ರವಾರ, ಗಾಡಿ ತೊಳೆದು ಪೂಜೆ ಮಾಡಬೇಕು, ನಿಮ್ಮ ಮಾಮನ ಹೆಸರಿನ ಗಾಡಿಗೆ ಮಾಮನ ಮನೆಯಲ್ಲಿ ಇನ್ನೂ ಒಂದು ಅರಿಶಿನ ಬಿದ್ದಿಲ್ಲ ಎಂದು, ತಮ್ಮ ಮನೆಯಲ್ಲಿಲ್ಲದ ಹೊತ್ತು ನೋಡಿ, ಅವನ ಹೆಂಡತಿಗೆ ಹೇಳಿದ್ದಳಂತೆ. ದೇವರ ಹೆಸರಿಗೆ ಎದುರಾಡುವುದು ಯಾರಿಗೂ ಬರುವುದಿಲ್ಲ. ಚಾರ್ಜರು ಸೀಟಿನ ಕೆಳಗೇ ಇತ್ತು. ಹಾಕಿದ ಒಂದು ತಾಸಿಗೆ ಕರೆಂಟು ಹೋಯಿತು, ಬೆಳಗಿನ ತನಕ ಬರಲಿಲ್ಲ.

ಐದೂವರೆಗೆ ಕೊಟ್ರಯ್ಯ ಗಾಡಿ ಏರಿದ. ಶೋರೂಮಿನ ಅಂಗಳದ ಮೂರು ಸುತ್ತು ಬಿಟ್ಟರೆ ಅವನಿಗೆ ಬೇರೆ ಅನುಭವವಿರಲಿಲ್ಲ.

"ಬೀಳಬ್ಯಾಡ್ರಿ," ಎಂದಳು ಶೈಲಜಾ.

"ಮೂರು ಗಾಲಿ ಐತಿ. ಬಿದ್ರ ನಿಂತ ಬೀಳ್ತೀನಿ."

ಹೊರಟ. ಓಣಿ ದಾಟಿದ, ಪೇಟೆ ದಾಟಿದ, ಹಂಪಿ ರಸ್ತೆ ಹಿಡಿದ. ಕಾಲುವೆಯ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ನಲವತ್ತಾರು ವರ್ಷದಲ್ಲಿ ಮೊದಲ ಸಲ ಅವನ ಮುಂದೆ ಯಾರ ಬೆನ್ನೂ ಇರಲಿಲ್ಲ. ಹನ್ನೆರಡು ವರ್ಷ ಈ ದಾರಿಯನ್ನು ಹಂಪೇಶನ ಹೆಗಲಿನ ಮೇಲಿಂದ ಅರ್ಧರ್ಧ ನೋಡಿದ್ದವನು, ಅನಂತಶಯನಗುಡಿಯ ಗೋಪುರವನ್ನು ಆ ದಿನ ಪೂರ್ತಿ ನೋಡಿದ. ನೋಡುತ್ತ ಇದ್ದುದರಿಂದಲೇ, ಎದುರು ಕೈ ಅಡ್ಡ ಹಿಡಿದಿದ್ದ ಪೊಲೀಸಪ್ಪನನ್ನು ತಡವಾಗಿ ನೋಡಿದ.

ಪೊಲೀಸಪ್ಪ ಲೈಸೆನ್ಸ್ ಕೇಳಿದ. ಕೊಟ್ರಯ್ಯನ ಬಳಿ ಇದ್ದ ಸರ್ಕಾರಿ ಕಾಗದ ಒಂದೇ, ಆ ಸರ್ಟಿಫಿಕೇಟು. ಅದನ್ನೇ ತೆಗೆದು ಕೊಟ್ಟ. ಪೊಲೀಸಪ್ಪ ಬೆಳಕಿಗೆ ಹಿಡಿದು ಓದಿದ.

"ಕಾಲು ಇಲ್ಲ, ಕೈಯಾಗ ಶಕ್ತಿ ಇಲ್ಲ, ತೊಂಬತ್ತು ಪರ್ಸೆಂಟ್ ಅಂತ ಬರದಾರಲ್ರಿ. ಮತ್ತ ಇಲ್ಲಿಗಂಟ ಹೆಂಗ ಬಂದ್ರಿ?"

"ಉಳಿದ ಹತ್ತರಾಗ ಬಂದೆ ಸಾಹೇಬ್ರ."

ಪೊಲೀಸಪ್ಪ ಅವನನ್ನು ಒಂದು ಗಳಿಗೆ ನೋಡಿದ. ಆಮೇಲೆ ಗಾಡಿಯನ್ನು ಸುತ್ತು ಹಾಕಿದ, ಹಿಂದಿನ ನಗುಮುಖದ ಮುಂದೆ ನಿಂತ. "ನಂಬರ್ ಎಲ್ಲೈತಿ?"

"ಕೊಟ್ಟಿಲ್ರಿ."

"ಜೋರು ಅಂದ್ರ ಎಷ್ಟು ಓಡ್ತೈತಿ?"

"ಇಳಿಜಾರಿನಾಗ ಇಪ್ಪತ್ನಾಕು."

ಪೊಲೀಸಪ್ಪನಿಗೆ ನಗು ತಡೆಯಲಿಲ್ಲ. "ಅಯ್ಯ, ಇದಕ್ಕ ಲೈಸೆನ್ಸೂ ಬ್ಯಾಡ, ನಂಬರೂ ಬ್ಯಾಡ. ಇಪ್ಪತ್ತೈದು ದಾಟದ್ದನ್ನ ನಾವು ಗಾಡಿ ಅಂತನ ಹಿಡಿಯಂಗಿಲ್ರಿ. ಹೋಗ್ರಿ. ಹಿಂದ ಎಮ್ಮಿ ಬಂದ್ರ ಸೈಡ್ ಕೊಡ್ರಿ."

ಕೊಟ್ರಯ್ಯ ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಒಂದೂವರೆ ಪಟ್ಟು ಬೆಲೆಗೆ ಎಲ್ಲಕ್ಕಿಂತ ನಿಧಾನದ ಗಾಡಿ ಬಂದಿತ್ತು. ಲೈಸೆನ್ಸೇ ಬೇಡದ ಆ ಗಾಡಿಗೆ ಲೈಸೆನ್ಸ್ ಇದ್ದವನು ಬೇಕು ಎಂದು ಅಷ್ಟು ತಿಂಗಳು ಕಡತ ಓಡಾಡಿತ್ತು, ಷರಾ ಬಿದ್ದಿತ್ತು, ಸುಪರ್ದಿ ಆಗಿತ್ತು. ರಸ್ತೆಯಲ್ಲಿ ನಿಂತ ಒಬ್ಬ ಪೇದೆಗೆ ಗೊತ್ತಿದ್ದದ್ದು ಫ್ಯಾನಿನ ಕೆಳಗೆ ಕೂತ ಒಬ್ಬರಿಗೂ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತೇನೋ, ಯಾರೂ ಕೇಳಿರಲಿಲ್ಲ.

ಕಡ್ಡಿರಾಂಪುರ ಮುಟ್ಟುವಾಗ ಗಾಡಿ ಏದುಸಿರು ಬಿಡುತ್ತಿತ್ತು. ಬದುವಿನ ಬಳಿ ಬಂದು ತಾನಾಗಿಯೇ ನಿಂತಿತು. ಬೇವಿನ ಕಡ್ಡಿ ಕಚ್ಚಿಕೊಂಡು ನಿಂತಿದ್ದ ವಿರುಪಾಕ್ಷಪ್ಪ, ಯಾವ ಸದ್ದೂ ಇ‌ಲ್ಲದೆ ಬೆನ್ನ ಹಿಂದೆ ಮನುಷ್ಯನೊಬ್ಬ ಬಂದದ್ದಕ್ಕೆ ಬೆಚ್ಚಿಬಿದ್ದ. ಆರೂವರೆ ಆಗಿತ್ತು.

ಕೊಟ್ರಯ್ಯ ಗಾಡಿಯಿಂದ ಇಳಿಯಲಿಲ್ಲ. ಅಲ್ಲಿಂದಲೇ ಎರಡು ಸಾಲು ನೋಡಿದ. ಎಲೆ ಹರಿದ ರೀತಿ ನೋಡಿ, ಒಳಗೆ ಗಾಳಿಗೆ ಬಿದ್ದ ಗಿಡ ಇವೆಯಲ್ಲ ಎಂದ. ವಿರುಪಾಕ್ಷಪ್ಪ ಐದಾರು ಬಿದ್ದಿವೆ ಎಂದ. ಐವತ್ತು ಎಂದ ಕೊಟ್ರಯ್ಯ. ಸರಿ, ನಲವತ್ತು ಎಂದು ವಿರುಪಾಕ್ಷಪ್ಪ ಒಪ್ಪಿಕೊಂಡ. ಕೊಟ್ರಯ್ಯ ಗೊನೆಗೆ ಮುನ್ನೂರ ಹತ್ತು ಎಂದ.

"ನಿಮ್ಮ ಹುಡುಗ ಮುನ್ನೂರ ಐವತ್ತು ಅಂದಾನಪ."

"ನೀ ಎಷ್ಟು ಕೇಳಿದ್ದಿ?"

"ಮುನ್ನೂರ ಐವತ್ತ."

"ಒಂದು ರೂಪಾಯಿ ಇಳಿಸಲಿಲ್ಲ ಅವ?"

"ಇಲ್ಲ. ಹೂಂ ಅಂದ."

"ವಿರುಪಾಕ್ಷಪ್ಪ, ಕೇಳಿದಷ್ಟೂ ಕೊಡ್ತೀನಿ ಅನ್ನೋರ ಕೈಗೆ ನಾ ಒಮ್ಮೆ ಸಿಕ್ಕೀನಿ," ಎಂದ ಕೊಟ್ರಯ್ಯ. "ಅದ್ರ ಸುಖ ನನ್ನ ಕೇಳು. ಕಡಿಯೋ ದಿನ ಬರ್ತಾನ, ಅರ್ಧ ಗೊನಿ ಸಣ್ಣವು ಅಂತ ಬದುವಿನ ಮ್ಯಾಲೆ ಬಿಟ್ಟು ಹೋಗ್ತಾನ. ನಾ ಬಿದ್ದ ಗಿಡದ್ದೂ ಸೇರಿಸಿ ಎಲ್ಲಾ ಒಯ್ತೀನಿ. ಹದಿನೈದು ವರ್ಷದಾಗ ಒಂದು ಗೊನಿ ಬಿಟ್ಟು ಹೋಗೀನೇನು?"

ವಿರುಪಾಕ್ಷಪ್ಪ ಬೇವಿನ ಕಡ್ಡಿಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದ. ಮುನ್ನೂರ ಮೂವತ್ತು ಎಂದ. ಮುನ್ನೂರ ಹದಿನೈದು ಎಂದ ಇವನು. ಮುನ್ನೂರ ಇಪ್ಪತ್ತಕ್ಕೆ ನಿಂತಿತು. ಸಂಚಕಾರದ ನೋಟು ಕೈ ಬದಲಾಯಿಸುವ ಹೊತ್ತಿಗೆ ದೂರದಲ್ಲಿ ಬೈಕಿನ ಸದ್ದು ಕೇಳಿಸಿತು. ಆ ದಿನ ಅದು ಒಂದೇ ಏಟಿಗೆ ಸ್ಟಾರ್ಟ್ ಆಗಿತ್ತು.

ಹಂಪೇಶ್ ಬಂದು ನಿಲ್ಲಿಸಿದ. ವಿರುಪಾಕ್ಷಪ್ಪ ನೋಟನ್ನು ಟವೆಲ್ಲಿನ ಅಂಚಿಗೆ ಕಟ್ಟುತ್ತಿದ್ದದ್ದನ್ನು ಕಂಡ. ಮಾಮನ ಕಡೆ ನೋಡಿದ, ಗಾಡಿಯ ಕಡೆ ನೋಡಿದ, ಗಾಡಿ ಓಡಿಸಿಕೊಂಡು ಬಂದವರು ಯಾರೆಂದು ಸುತ್ತಮುತ್ತ ಹುಡುಕಿದ. ಯಾರೂ ಇರಲಿಲ್ಲ.

"ಮಾಮಾ," ಎಂದ, "ನಿಮ್ಮ ಪರವಾಗಿನ ಮಾತಾಡಿ ಹೋಗಿದ್ದೆ ನಾ."

"ಹೌದಪ. ಮುನ್ನೂರ ಐವತ್ತು ಅಂತ ಹೇಳಿ ಹೋಗಿದ್ದಿಯಂತ. ನಾ ಇಪ್ಪತ್ತಕ್ಕ ಮುಗಿಸೀನಿ. ಉಳಿದ ಮೂವತ್ತು ನಿಂದ ಪುಣ್ಯ."

ವಿರುಪಾಕ್ಷಪ್ಪ ಮುಖ ಆಚೆ ತಿರುಗಿಸಿಕೊಂಡು ಉಗುಳಿದ. ಹಂಪೇಶ್ ಗಾಡಿಯ ಬಳಿ ಬಂದು ಕೀಲಿ ತಿರುಗಿಸಿ ನೋಡಿದ. ದೀಪ ಹತ್ತಲಿಲ್ಲ. ಅವನ ಮುಖದಲ್ಲಿ ಸ್ವಲ್ಪ ಜೀವ ಬಂತು.

"ಪೂರಾ ಇಳದೈತಿ ಮಾಮಾ. ಬರ್ರಿ, ಬೈಕ್ ಮ್ಯಾಲೆ ಮನಿಗೆ ಬಿಡ್ತೀನಿ. ಗಾಡಿ ಆಮ್ಯಾಲೆ ನಾ ಬಂದು ಒಯ್ತೀನಿ."

ಕೊಟ್ರಯ್ಯ ಕೈ ಚಾಚಿ ಕೀಲಿಯನ್ನು ಅವನ ಬೆರಳಿನಿಂದ ಬಿಡಿಸಿಕೊಂಡ. ಬಿಡಿಸಿಕೊಂಡ ಹಿಡಿತಕ್ಕೆ ಹಂಪೇಶ್ ಬೆರಳು ಉಜ್ಜಿಕೊಂಡ.

"ವಿರುಪಾಕ್ಷಪ್ಪ, ಪಂಪ್‌ಸೆಟ್ ಮನ್ಯಾಗ ಪ್ಲಗ್ ಐತೇನು?"

"ಐತಿ. ಕರೆಂಟ್ ಹನ್ನೊಂದಕ್ಕ ಬರ್ತೈತಿ."

"ನೀ ಹೋಗು," ಎಂದ ಕೊಟ್ರಯ್ಯ ಭಾಮೈದನಿಗೆ. "ನಾ ಕರೆಂಟ್ ಬಂದ ಮ್ಯಾಲೆ ಬರ್ತೀನಿ."

ನಾಲ್ಕು ತಾಸು ಇಲ್ಲಿ ಕೂತು ಏನು ಮಾಡುತ್ತೀರಿ ಎಂದು ಹಂಪೇಶ್ ಕೇಳಿದ. ಬಿಸಿಲು ಬರುತ್ತದೆ ಎಂದ, ಅಕ್ಕ ಬೈಯುತ್ತಾಳೆ ಎಂದ, ಸುಪರ್ದಿಯ ಮಾತನ್ನೂ ಒಮ್ಮೆ ಎತ್ತಿ ನೋಡಿದ. ಅನಂತಶಯನಗುಡಿಯ ಪೊಲೀಸಪ್ಪನನ್ನು ಕೇಳಿಕೋ ಹೋಗು ಎಂದು ಕೊಟ್ರಯ್ಯ ಅಂದ ಮೇಲೆ, ಬೈಕ್ ತಿರುಗಿಸಿಕೊಂಡು ಹೋದ.

ಹನ್ನೊಂದಕ್ಕೆ ಬರಬೇಕಾದ ಕರೆಂಟು ಒಂದೂವರೆಗೆ ಬಂತು. ಅಷ್ಟರಲ್ಲಿ ಕೊಟ್ರಯ್ಯ ಬದುವಿನ ಮೇಲೆ ಕೂತಲ್ಲಿಂದಲೇ ಆಚೆಯ ತೋಟದ ಮೂಕಣ್ಣನನ್ನು ಕೂಗಿ ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ಗೊನೆ ಬಣ್ಣ ಸರಿಯಿಲ್ಲವಲ್ಲೋ ಎಂದು ಶುರುಮಾಡಿದ್ದ.